ಮೂರು ಸಾಲಿನ ಟೇಬಲ್ ಖಾಲಿ ಮಾಡುವ ಬಗೆ

ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಪೆರುಂಗುಡಿಯ ನಮ್ಮ ಕಚೇರಿಯಲ್ಲಿ, ತಲಾ ಮೂರೇ ಸಾಲಿದ್ದ ನೂರಾರು ಟೇಬಲ್‌ಗಳನ್ನು ಖಾಲಿ ಮಾಡಲು ನಮ್ಮ ಡೇಟಾಬೇಸ್ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ತೆಗೆದುಕೊಂಡಿತು. ಆ ಡೇಟಾಬೇಸ್ ಕಟ್ಟುವವರಲ್ಲಿ ನಾನೂ ಒಬ್ಬ. ಕಾಫಿ ಕುಡಿದವನೂ ನಾನೇ.

ಟೇಬಲ್ ಎಂದರೆ ಮಾಹಿತಿಯನ್ನು ಸಾಲುಸಾಲಾಗಿ ಇಡುವ ಪಟ್ಟಿ. ಅದನ್ನು ಒಮ್ಮೆಗೇ ಬರಿದು ಮಾಡುವುದು ಎಲ್ಲಕ್ಕಿಂತ ಹಗುರ ಕೆಲಸವೆಂದು ಜನ ನಂಬುತ್ತಾರೆ. ನಾನೂ ನಂಬಿದ್ದೆ. ಆದರೆ ನಮ್ಮ ಡೇಟಾಬೇಸ್, ಆ ಟೇಬಲಿನ ಚೂರು ಎಲ್ಲಾದರೂ ಉಳಿದಿದೆಯೇ ಎಂದು ಪ್ರತಿ ಸಲವೂ ಇಡೀ ಮೆಮೊರಿಯನ್ನು ತಡಕುತ್ತಿತ್ತು. ಒಂದು ಬಟ್ಟಲು ತೊಳೆಯಲು ಮನೆಯ ಕಪಾಟುಗಳನ್ನೆಲ್ಲ ತೆಗೆದು ನೋಡಿದ ಹಾಗೆ. ಮೆಮೊರಿ ದೊಡ್ಡದಾದಷ್ಟೂ ನಿಧಾನ. ಗ್ರಾಹಕರು ದೊಡ್ಡ ಯಂತ್ರ ಕೊಂಡು ನಮ್ಮನ್ನು ಬೈಯುತ್ತಿದ್ದುದು ಇದಕ್ಕೇ.

"ಶುಕ್ರವಾರ ಸಂಜೆಯೊಳಗೆ ಸರಿಹೋಗದಿದ್ದರೆ ಈ ಆವೃತ್ತಿಯಲ್ಲಿ ಬೇಡ, ಮುಂದಿನ ವರ್ಷ ನೋಡೋಣ" ಎಂದರು ಮ್ಯಾನೇಜರು. ಬಿಡಬಾರದೆಂದು ಹಟ ಹಿಡಿದೆ. ನನ್ನ ಹಟಕ್ಕೆ ಒಂದು ದೋಷವಿದೆ, ಅದು ಮೊದಲು ಕೂರುವುದು ತಪ್ಪು ಜಾಗದಲ್ಲಿ. ತಡಕುವುದನ್ನೇ ಚುರುಕು ಮಾಡಲು ಎರಡು ದಿನ ಹೆಣಗಿದೆ.

ಬುಧವಾರ ಬೆಳಿಗ್ಗೆ ಅಮ್ಮ ಇಡ್ಲಿಗೆ ರುಬ್ಬುತ್ತಿದ್ದರು. ಹಳೆಯ ಹಿಟ್ಟು ಅಂಟಿದ್ದ ಪಾತ್ರೆ ಸಿಂಕಿನಲ್ಲಿ ನೆನೆಯುತ್ತಿತ್ತು. ಅದರ ಜಾಗದಲ್ಲಿ ಆಗಲೇ ಅಂಥದೇ ಇನ್ನೊಂದು ಪಾತ್ರೆ.

"ಅದನ್ನೇ ತೊಳೆದು ಹಾಕಬಾರದಾ?" ಎಂದೆ.

"ಅದು ತೊಳೆದು ಒಣಗೋ ತನಕ ಹಿಟ್ಟು ಕೈಯಲ್ಲಿ ಹಿಡ್ಕೊಂಡು ನಿಂತಿರ್ಲೇನೋ? ನೆನೀಲಿ ಬಿಡು, ಆಮೇಲೆ ಉಜ್ಜಿದ್ರಾಯ್ತು."

ಆ ದಿನವೇ ಪ್ರೋಗ್ರಾಂ ಅನ್ನೂ ಹಾಗೆಯೇ ಬರೆದೆ. ಹಳೆಯ ಟೇಬಲಿಗೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸುವುದು, ಖಾಲಿಯಿರುವ ಹೊಸದನ್ನು ಹಳೆಯ ಹೆಸರಿನಲ್ಲಿ ಇಡುವುದು. ಹಳೆಯದನ್ನು ಬಿಡುವಾದಾಗ ಒಡೆದು ಹಾಕಿದರಾಯಿತು. ಮೆಮೊರಿ ತಡಕುವ ಕೆಲಸವೇ ಇಲ್ಲ.

ನಮ್ಮಲ್ಲಿ ಪರೀಕ್ಷೆ ಮಾಡುವವಳು ಗಿರಿಜಾ. ಪೆರಂಬೂರಿನ ರೈಲ್ವೆ ನೌಕರರ ಮನೆಯ ಹುಡುಗಿ, ಅವಳ ಕನ್ನಡದಲ್ಲಿ ಅರ್ಧ ತಮಿಳು. ಕೆಲಸದ ನಡುವೆ ಕರೆಂಟು ಹೋದರೆ ಏನಾಗುತ್ತದೆಂದು ನೋಡುವುದು ಅವಳ ಪದ್ಧತಿ. ಅಮ್ಮನ ಪಾತ್ರೆಯ ಕಥೆಯನ್ನು ಅವಳಿಗೂ ಹೇಳಿದ್ದೆ. ಗುರುವಾರ ಹಾಗೆ ಕರೆಂಟು ಕಡಿದು ಕೂಗಿದಳು:

"ಸಾರ್, ಟೇಬಲ್ ಕಾಣೋಮ್, ಕಾಣಿಸ್ತಿಲ್ಲ!"

"ಖಾಲಿ ಆಗಿರುತ್ತೆ, ಸರಿಯಾಗಿ ನೋಡಮ್ಮ."

"ಖಾಲಿ ಇಲ್ಲೆ ಸಾರ್, ಟೇಬಲ್ಲೇ ಇಲ್ಲೆ! ಅಮ್ಮ ಪಾತ್ರೆ ಬದಲಾಯಿಸಿದ್ರು, ನೀವು ಪಾತ್ರೆನೇ ತೊಲೈಚ್ಚುಟ್ಟೀಂಗ, ಕಳೆದುಬಿಟ್ರಿ!"

ನಾನು ಬರೆದದ್ದು ಹಳೆಯದನ್ನು ತೆಗೆದ ಮೇಲೆ ಹೊಸದನ್ನು ಹುಡುಕಲು ಹೋಗುತ್ತಿತ್ತು. ಕರೆಂಟು ಹೋದದ್ದು ಆ ನಡುವೆ. ಅಮ್ಮ ಹಾಗೆ ಮಾಡುವುದಿಲ್ಲ. ಹೊಸ ಪಾತ್ರೆ ಒರೆಸಿ ಕೈಯಲ್ಲಿ ಹಿಡಿದ ಮೇಲಷ್ಟೇ ಹಳೆಯದನ್ನು ಎತ್ತುತ್ತಾರೆ. ಮತ್ತೆ ಕುಳಿತು ಬರೆದೆ: ಮೊದಲು ಹೊಸದು ಸಿದ್ಧವಾಗಬೇಕು, ಎರಡರ ಹೆಸರೂ ಒಂದೇ ಏಟಿಗೆ ಅದಲುಬದಲಾಗಬೇಕು.

ಶುಕ್ರವಾರ ಸಂಜೆ ನಾಲ್ಕಕ್ಕೆ ಗಿರಿಜಾ ಕರೆಂಟು ಕಡಿಯಲು ಶುರುಮಾಡಿದಳು. ಅದಲುಬದಲಿಗೆ ಮುಂಚೆ ಕಡಿದಾಗಲೆಲ್ಲ ಟೇಬಲಿನಲ್ಲಿ ಮೂರು ಸಾಲೂ ಇದ್ದವು. ಆಮೇಲೆ ಕಡಿದಾಗಲೆಲ್ಲ ಟೇಬಲ್ ಇತ್ತು, ಖಾಲಿಯಿತ್ತು. ಐದಕ್ಕೆ ಮ್ಯಾನೇಜರು ಅದನ್ನು ಆವೃತ್ತಿಗೆ ಸೇರಿಸಿದರು. ಐದೂಕಾಲಿಗೆ ಸೋಮವಾರದ ಆ ನೂರಾರು ಟೇಬಲ್‌ಗಳನ್ನು ಮತ್ತೊಮ್ಮೆ ಖಾಲಿ ಮಾಡಿಸಿದೆವು. ಕೆಲಸ ಮುಗಿದಾಗ ನನ್ನ ಲೋಟದ ಕಾಫಿಯನ್ನು ನಾನಿನ್ನೂ ಮುಟ್ಟಿರಲಿಲ್ಲ.