ರೈಟ್ ಮಾವ ಮತ್ತು ಬೆಟ್ಟದ ಶಿವ

ನನ್ನ ಮಾವ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ವರ್ಷಗಳಾದವು. ಕೆಲಸ ಮಾತ್ರ ಅವರನ್ನು ಬಿಟ್ಟಿಲ್ಲ. ಮನೆಯಲ್ಲಿ ಯಾರಾದರೂ ಬಾಗಿಲಲ್ಲಿ ನಿಂತು ಮಾತಾಡಿದರೆ “ಒಳಗೆ ಹೋಗಿ, ಒಳಗೆ ಹೋಗಿ” ಎಂದು ತಳ್ಳುತ್ತಾರೆ. ಬಚ್ಚಲಿಗೆ ಹೋದವರು ಸ್ವಲ್ಪ ತಡಮಾಡಿದರೆ ಬಸ್ಸಿನ ತಗಡು ಬಡಿದ ಹಾಗೆ ಕದ ಬಡಿಯುತ್ತಾರೆ. ಊಟವನ್ನೂ ನಿಂತೇ ಮುಗಿಸುವ ಮನುಷ್ಯ. ನೆರೆಹೊರೆಯವರು ಇಟ್ಟ ಹೆಸರು ರೈಟ್ ಮಾವ. ಇಂಥವರ ಜೊತೆ ಸಂಸಾರ ಮಾಡಿದ ಅತ್ತೆಗೆ ಯಾವ ಬಿರುದು ಕೊಟ್ಟರೂ ಸಾಲದು.

ಅತ್ತೆಗೆ ಇದ್ದದ್ದು ಒಂದೇ ಆಸೆ. ಬೆಟ್ಟದ ಮೇಲಿನ ಆ ದೊಡ್ಡ ಶಿವನ ಮೂರ್ತಿಯ ಮುಖವನ್ನು ಕಣ್ತುಂಬ ನೋಡಬೇಕು. ಮಾವ ಅದೇ ದಾರಿಯ ಬಸ್ಸಿನಲ್ಲಿ ಜೀವ ಸವೆಸಿದವರು. ಊರವರನ್ನೆಲ್ಲ ಬೆಟ್ಟ ಹತ್ತಿಸಿ ಇಳಿಸಿದರು. ಹೆಂಡತಿ ಕೇಳಿದರೆ ಮಾತ್ರ “ಮುಂದಿನ ಸಲ ನೋಡೋಣ”. ಕೊನೆಗೂ ನಮ್ಮ ಬೀದಿಯವರೆಲ್ಲ ಸೇರಿ ಮಿನಿಬಸ್ ಮಾಡಿಕೊಂಡು ಹೊರಟಾಗ, ಅತ್ತೆ ಎಲ್ಲರಿಗಿಂತ ಮೊದಲೇ ಸೀರೆ ಉಟ್ಟು ತಯಾರಾಗಿದ್ದರು. ಹಿಂದೆ ಕೂತರೆ ಅವರಿಗೆ ವಾಂತಿ ಬರುತ್ತದೆಂದು ಬಾಗಿಲ ಪಕ್ಕದ ಒಂಟಿ ಸೀಟು ಕೊಟ್ಟೆವು. ಮಾವನಿಗೆ ಸೀಟೇ ಇಟ್ಟಿರಲಿಲ್ಲ, ಇಟ್ಟರೂ ಕೂರುವವರಲ್ಲ. ಕಂಬಿ ಹಿಡಿದು ನಿಂತರು.

ಮೇಲೆ ಹೋದರೆ ಸೂರ್ಯ ಸರಿಯಾಗಿ ಶಿವನ ತಲೆಯ ಹಿಂದೆ. ಕತ್ತೆತ್ತಿದರೆ ಕಣ್ಣು ಕುಕ್ಕುತ್ತದೆ, ಮುಖ ನೋಡಿದರೆ ಮಸಿ ಬಳಿದಷ್ಟು ಕಪ್ಪು. ಅತ್ತೆ ಹಣೆಗೆ ಸೆರಗು ಅಡ್ಡ ಹಿಡಿದು ನೋಡಿಯೇ ನೋಡಿದರು.

“ಏನೂ ಕಾಣಲ್ಲ ಕಣ್ರೀ. ಹೊತ್ತು ಇಳಿಯೋವರೆಗೂ ಇರೋಣ. ಬಿಸಿಲು ಈ ಕಡೆ ಬಂದ್ಮೇಲೆ ಮುಖ ಚೆನ್ನಾಗಿ ಕಾಣುತ್ತಂತೆ, ಚಪ್ಪಲಿ ಕಾಯೋಳು ಹೇಳಿದ್ಲು.”

“ಪಾದ ಕಾಣುತ್ತಲ್ಲ, ಅದಕ್ಕೇ ಕೈ ಮುಗಿ. ನಡಿ ನಡಿ, ಲೇಟಾಯ್ತು!”

ನನಗೆ ಮೈಯೆಲ್ಲ ಉರಿದುಹೋಯಿತು. ಯಾವುದಕ್ಕೆ ಲೇಟು? ಮನೆಯಲ್ಲಿ ಇವರಿಲ್ಲದೆ ಯಾವ ರಾಜ್ಯ ಮುಳುಗುತ್ತಿತ್ತು? ಆದರೆ ನನ್ನ ಪುಟ್ಟ ಮಗಳು ಹೆಗಲ ಮೇಲೆಯೇ ನಿದ್ದೆಹೋಗಿದ್ದಳು. ಜಗಳಕ್ಕೆ ನಿಲ್ಲದೆ ಹೋಗಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತೆ. ಮಾವ ಎಲ್ಲರನ್ನೂ ಕುರಿ ತುಂಬಿದಂತೆ ತುಂಬಿ, ಹಿಂದಿನಿಂದ ಮುಂದಕ್ಕೆ ಒಮ್ಮೆ ಕಣ್ಣಾಡಿಸಿ, “ರೈಟ್!” ಎಂದರು.

ಬೆಟ್ಟದ ಬುಡದ ಹೋಟೆಲಿನಲ್ಲಿ ಅತ್ತೆಗೆ ಮಾತ್ರೆ ಕೊಡೋಣವೆಂದು ನೋಡಿದರೆ ಅತ್ತೆಯೇ ಇಲ್ಲ. ಕೈ ತೊಳೆಯುವಲ್ಲಿ ಇಲ್ಲ, ಬಸ್ಸಿನಲ್ಲೂ ಇಲ್ಲ. ಅವರ ಫೋನು ನನ್ನ ಚೀಲದಲ್ಲೇ ಇತ್ತು.

“ಮಾವ, ಅತ್ತೆ ಎಲ್ಲಿ? ಹೊರಡೋವಾಗ ಸೀಟು ನೋಡಲಿಲ್ವಾ ನೀವು?”

“ನೋಡ್ದೆ ಕಣಮ್ಮ, ಎಲ್ಲಾ ಫುಲ್ ಇತ್ತು. ಬಾಗಿಲ ಹತ್ರದ್ದು ಒಂದೇ ಖಾಲಿ. ಅದು ಹೇಗೂ ಕಂಡಕ್ಟರ್ ಸೀಟಲ್ವಾ...”

ಜೀವಮಾನವಿಡೀ ಅದು ಅವರದೇ ಸೀಟು. ಅವರು ನಿಂತಿದ್ದಾರೆ ಎಂದರೆ ಅದು ಖಾಲಿ ಇರಲೇಬೇಕು. ಇಂಥ ಬುದ್ಧಿವಂತಿಕೆಗೆ ಏನು ಹೇಳುವುದು? ಬಾಯಿಗೆ ಬಂದಂತೆ ಬೈಯಬೇಕೆಂದಿದ್ದೆ. ಅಷ್ಟರಲ್ಲಿ ಅವರು ಡ್ರೈವರನ್ನು ಊಟದಿಂದ ಎಬ್ಬಿಸಿ ಬಸ್ಸಿನತ್ತ ಎಳೆಯುತ್ತಿದ್ದರು.

ಅರ್ಧ ಊಟಕ್ಕೆ ಎದ್ದು ಬಂದವರ ಗೊಣಗಾಟ ಕೇಳುತ್ತಾ ಮತ್ತೆ ಬೆಟ್ಟ ಹತ್ತಿದೆವು. ತಿರುವು ತಿರುವಿಗೂ ಗಾಡಿಗಳ ಸಾಲು. ಮೇಲೆ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಬಸ್ಸು ನಿಲ್ಲುವ ಮೊದಲೇ ಮಾವ ಇಳಿದು ಓಡಿದರು. ಮಗಳನ್ನು ಎತ್ತಿಕೊಂಡು ನಾನೂ ಹಿಂದೆಯೇ ಓಡಿದೆ.

ಅತ್ತೆ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಆರಾಮಾಗಿ ಕೂತಿದ್ದರು. ಅತ್ತಿರಲಿಲ್ಲ, ಗಾಬರಿಯೂ ಆಗಿರಲಿಲ್ಲ. ಬಿಸಿಲು ಈಗ ನೇರ ಶಿವನ ಮುಖಕ್ಕೆ ಬಿದ್ದಿತ್ತು. ಹಣೆ, ಅರ್ಧ ಮುಚ್ಚಿದ ಕಣ್ಣು, ತುಟಿಯಂಚಿನ ಸಣ್ಣ ನಗು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಡ್ರೈವರ್ ಆಗಲೇ ಹಾರನ್ ಬಾರಿಸತೊಡಗಿದ್ದ.

“ತಪ್ಪಾಯ್ತು ಕಣೇ,” ಮಾವ ಏದುಸಿರು ಬಿಡುತ್ತಾ ಹೇಳಿದರು. “ಏಳು, ಬಸ್ಸು ಕಾಯ್ತಾ ಇದೆ.”

ಅತ್ತೆ ಎತ್ತಿದ ಕತ್ತು ಇಳಿಸಲಿಲ್ಲ.

“ಹೋಗಲಿ ಬಿಡಿ. ಒಂದ್ಸಲ ನನ್ನ ಬಿಟ್ಟು ಹೋಗಿದ್ದಾಯ್ತಲ್ಲ, ಇನ್ನೊಂದ್ಸಲ ಹೋಗಲಿ. ನಾನಿನ್ನೂ ನೋಡಿ ಮುಗಿಸಿಲ್ಲ.”