ಮುಕ್ಕೋನದ ಗೋಡೆಯ ಹಸಿ

ಲಕ್ಷ್ಮೇಶ್ವರದ ನಮ್ಮ ಮನೆಗೆ ಹಂಚಿನ ಮಾಡು. ಎರಡು ಇಳಿಜಾರು ಕೂಡುವ ಪಕ್ಕದಲ್ಲಿ ಗೋಡೆ ಮುಕ್ಕೋನವಾಗಿ ಮೇಲೇರುತ್ತದೆ. ಆ ಗೋಡೆ ಇದೆಯಲ್ಲ, ಅದು ನನ್ನ ಜೀವ ತಿಂದಿದೆ. ಒಳಗಡೆ ಮೂರು ಸಲ ಸಿಮೆಂಟಿನ ಗಿಲಾವು ಮಾಡಿಸಿದೆ. ಮೂರು ಸಲವೂ ಮಳೆಗಾಲದಲ್ಲಿ ಉಬ್ಬಿ, ಚಕ್ಕೆ ಚಕ್ಕೆಯಾಗಿ ಹಾಸಿಗೆಯ ಮೇಲೆ ಉದುರಿತು.

ಕಳೆದ ವರ್ಷವಂತೂ ಸಿಟ್ಟು ನೆತ್ತಿಗೇರಿತ್ತು. ಮುಂಡರಗಿಗೆ ಕೊಟ್ಟ ಮಗಳು ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಬಾಣಂತಿಯನ್ನು ಬೆಚ್ಚಗೆ ಇಡಲು ನಮ್ಮಲ್ಲಿರುವುದು ಅದೊಂದೇ ಕೋಣೆ. ಗೋಡೆ ಮುಟ್ಟಿದರೆ ಅಂಗೈ ಒದ್ದೆ. ಕೂಸನ್ನು ಎಲ್ಲಿ ಮಲಗಿಸಲಿ?

ಗಾರೆ ಕೆಲಸದ ಗೌಂಡಿಯನ್ನು ಕರೆಸಿದೆ. ಹೊರಮೈ ಬರೀ ಇಟ್ಟಿಗೆ, ಅಲ್ಲಿ ಗಿಲಾವು ಮಾಡಬೇಕೆಂದರೆ ಪಕ್ಕದ ಮನೆಗೆ ಸೂರಾಗಿರುವ ಮಣ್ಣಿನ ಚಪ್ಪಟೆ ಮಾಳಿಗೆಯ ಮೇಲೆ ನಿಲ್ಲಬೇಕು ಎಂದ. ಆ ಮನೆಯ ಅಕ್ಕ ಸುತರಾಂ ಒಪ್ಪಲಿಲ್ಲ.

"ನಿಚ್ಚಣಿಕಿ ಕಾಲು ಊರಿದ್ರ ಮಾಳಿಗಿ ತೂತ ಬೀಳತೈತಿ. ಮಳಿ ಬಂದ್ರ ನಾವೆಲ್ಲಿ ಹೋಗೂಣು?"

"ನಿಮ್ಮ ಮಾಳಿಗಿ ನೀರ ನನ್ನ ಗ್ವಾಡಿ ಕುಡ್ಯಾಕತ್ತೈತ್ರಿ ಅಕ್ಕಾರ! ನನ್ನ ಮಗಳ ಮ್ಯಾಲರ ಕನಿಕರ ಬ್ಯಾಡೇನ್ರಿ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹಂಗಾರ ನೀನ ಹತ್ತಿ ನೋಡ ಬಾ. ಚಪ್ಪಲಿ ಬಿಟ್ಟು ಬಾ ಮತ್ತ" ಎಂದರು.

ಹತ್ತಿದೆ. ಇಷ್ಟು ವರ್ಷದಲ್ಲಿ ನನ್ನ ಗೋಡೆಯ ಹೊರಮೈಯನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮಾಳಿಗೆ ಗೋಡೆಗೆ ತಾಗುವಲ್ಲಿ, ಸೋರದಿರಲೆಂದು ಮಾಳಿಗೆಗೆ ಹಾಕುವ ಸವಳು ಮಣ್ಣು ಮೊಣಕಾಲುದ್ದ ಗುಡ್ಡೆಯಾಗಿತ್ತು. ಒಳಗೆ ಹಸಿ ಶುರುವಾಗುವುದೂ ಸರಿಯಾಗಿ ಅಲ್ಲಿಂದಲೇ.

ಆ ಮಣ್ಣು ಯಾರದು? ನನ್ನದೇ. ಮಾಳಿಗೆಯ ನೀರು ಸಂದಿಯಲ್ಲಿ ಇಳಿಯಬಾರದೆಂದು ಪ್ರತಿ ವರ್ಷ ಮಳೆಗೆ ಮೊದಲು ಎರಡು ಬುಟ್ಟಿ ಸವಳು ಕಳಿಸಿ, "ನಮ್ಮ ಗ್ವಾಡಿಗೆ ಒತ್ತಿ ಹಾಕಸ್ರಿ" ಎಂದು ತಾಕೀತು ಮಾಡುತ್ತಿದ್ದವಳು ನಾನೇ. ಬಿದ್ದ ಮಳೆಯನ್ನೆಲ್ಲ ಅದು ಹಿಡಿದಿಟ್ಟುಕೊಂಡು ಇಟ್ಟಿಗೆಗೆ ಕುಡಿಸುತ್ತಿತ್ತು.

"ಸಾಕವಾ, ಭಾಳ ಆತು ಅಂತ ಎಷ್ಟ ಸಲ ಹೇಳೇನಿ. ಕೇಳಿದೇನು?" ಎಂದರು ಅಕ್ಕ.

ನನ್ನ ಮೇಲೆ ನನಗೇ ಎಂಥ ಉರಿ ಬಂತೆಂದರೆ, ಅಲ್ಲೇ ಕುಕ್ಕರಿಸಿ ಎರಡೂ ಕೈಯಿಂದ ಮಣ್ಣು ಕೆದರತೊಡಗಿದೆ. ಕೆಳಗಿನಿಂದ ಗೌಂಡಿ, "ಮಣ್ಣ ತಗದ್ರೂ ಗ್ವಾಡಿ ಇವತ್ತ ಒಣಗೂದಿಲ್ರಿ ಅಮ್ಮಾರ. ಒಂದ ಬ್ಯಾಸಗಿ ಬೇಕ್ರಿ" ಎಂದ. ಮಗಳ ಹೆರಿಗೆಗೆ ಉಳಿದದ್ದು ಹದಿನೈದು ದಿನ. ನನಗೆ ಅಳು ತಡೆಯಲಿಲ್ಲ.

ಅಕ್ಕ ನನ್ನ ಮಣ್ಣುಗೈ ಹಿಡಿದುಕೊಂಡರು. "ಅಳಬ್ಯಾಡ. ನಮ್ಮ ಒಳಗಿನ ಖೋಲಿ ಬೆಚ್ಚಗ ಐತಿ. ಆಕೀನ ಅಲ್ಲೇ ಕರಕೊಂಡು ಬಾ."

ಮೊಮ್ಮಗಳನ್ನು ಆಸ್ಪತ್ರೆಯಿಂದ ಆ ಮಣ್ಣಿನ ಮಾಳಿಗೆಯ ಕೆಳಗೇ ತಂದೆವು. ಎಣ್ಣೆ, ಬಿಸಿನೀರು, ಅಂಟಿನುಂಡೆ ಹೊತ್ತುಕೊಂಡು ಮೂರು ತಿಂಗಳು ನಾನು ಪಕ್ಕದ ಮನೆಯ ಬಾಗಿಲು ಬಡಿದೆ. ಹಾಳಾದ್ದು, ಆ ಗೋಡೆ ಈ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿದೆ. ಚೊಚ್ಚಲಿಗೆ ತವರಿಗೆ ಬಂದ ಮಗಳು ಮಾತ್ರ ತವರಿನೊಳಗೆ ಒಂದು ರಾತ್ರಿಯೂ ಮಲಗಲಿಲ್ಲ.