ಎರಡೂ ಕೈ ತಗೊಂಡು ಬಾ

ಹೋದ ಭಾನುವಾರ ನಾನೊಬ್ಬಳೇ ಶ್ರೀನಿವಾಸಪುರದ ಬ್ಯಾಸ್ಕೆಟ್‌ಬಾಲ್ ಟೀಮನ್ನು ಸೋಲಿಸುವುದರಲ್ಲಿದ್ದೆ. ಚೆಂಡು ಮುಟ್ಟಿರಲಿಲ್ಲ. ಕೋರ್ಟಿಗೆ ಇಳಿದಿರಲಿಲ್ಲ. ಕೋಲಾರದ ಮೈದಾನದಲ್ಲಿ ಗ್ಯಾಲರಿಯ ಮೂರನೇ ಮೆಟ್ಟಿಲ ಮೇಲೆ ಕೂತು, ಕಡಲೆಕಾಯಿ ಸುಲಿದುಕೊಂಡು ತಿನ್ನುತ್ತಾ, ಬರೀ ಬಾಯಿಂದ.

(ನನ್ನ ಬಾಯಿಯ ಪರಿಚಯ ಈ ಅಂಕಣ ಓದುವವರಿಗೆ ಇದ್ದೇ ಇದೆ. ಇಲ್ಲದವರು ನಮ್ಮ ಬ್ಯಾಂಕಿನಲ್ಲಿ ವಿಚಾರಿಸಬಹುದು.)

ಮೊದಲು ಪಲ್ಲವಿಯ ವಿಷಯ ಹೇಳಿಬಿಡುತ್ತೇನೆ. ಪಲ್ಲವಿ ನನ್ನ ತಂಗಿ ಸರೋಜಳ ಮಗಳು. ಶ್ರೀನಿವಾಸಪುರದ ಹತ್ತಿರದ ಯಲ್ದೂರಿನವಳು. ಡಿಗ್ರಿ ಕೊನೇ ವರ್ಷ. ಎತ್ತರ ಐದಡಿ ಮೂರಿಂಚು, ಅದೂ ಶೂ ಹಾಕಿಕೊಂಡಾಗ. ಆದರೂ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಬ್ಯಾಸ್ಕೆಟ್‌ಬಾಲ್ ಅಂದರೆ ಅವಳೇ. ಬಸ್ಸಿನಲ್ಲಿ ಕಂಡಕ್ಟರ್ ಅವಳಿಗೆ ಸೀಟು ಬಿಡಿಸಿಕೊಡುತ್ತಾನೆ. ಅವಳ ಆಟದ ವಿಡಿಯೋ ನಮ್ಮ ಫ್ಯಾಮಿಲಿ ಗ್ರೂಪಿಗೆ ಬರುವ ಮೊದಲೇ ನನ್ನ ಹಾಲಿನವನ ಸ್ಟೇಟಸ್ಸಿನಲ್ಲಿ ಬಂದಿರುತ್ತದೆ. ಇನ್ನೇನು ಬೇಕು ಸ್ಟಾರ್ ಅನ್ನಿಸಿಕೊಳ್ಳಲು?

ಅವಳಿಗೆ ಚೆಂಡು ಹಿಡಿಯಲು ಕಲಿಸಿದ್ದು ಅವರ ಮಾವಿನ ತೋಟ. ಅಪ್ಪ ಮರದ ಮೇಲೆ ನಿಂತು ಕಾಯಿ ಕಿತ್ತು ಎಸೆಯಬೇಕು, ಮಗಳು ಕೆಳಗೆ ನಿಂತು ಹಿಡಿಯಬೇಕು. ಒಂದು ಕಾಯಿ ನೆಲಕ್ಕೆ ಬಿದ್ದರೂ ಪೆಟ್ಟು, ಪೆಟ್ಟಾದ ಕಾಯನ್ನು ಮಾವಿನ ಮಂಡಿಯಲ್ಲಿ ಯಾರೂ ಮೂಸುವುದಿಲ್ಲ. ಏಳನೇ ವಯಸ್ಸಿನಿಂದ ಹಿಡಿದವಳು. ಹಾಗಾಗಿ ಕೈಗೆ ಬಂದದ್ದನ್ನು ಬಿಡುವುದು ಅವಳಿಗೆ ಗೊತ್ತೇ ಇಲ್ಲ.

ಇಂಥವಳಿಗೂ ಒಂದು ಗಂಟಲ ಮುಳ್ಳಿತ್ತು. ಅದರ ಹೆಸರು ಮಾಲೂರು.

ಮಾಲೂರಿನ ಟೀಮು ಸಾಮಾನ್ಯದ್ದಲ್ಲ. ಬೆಂಗಳೂರು ಅವರಿಗೆ ಹತ್ತಿರ. ಬೆಳಗಿನ ಟ್ರೈನು ಹತ್ತಿ ಹೋಗಿ ಕೋಚಿಂಗ್ ಮುಗಿಸಿ ಬರುವ ಹುಡುಗಿಯರು. ಎಲ್ಲರಿಗೂ ಒಂದೇ ಥರದ ಶೂ. (ನಮ್ಮ ಟೀಮಿನಲ್ಲಿ ಇಬ್ಬರದು ಮಾತ್ರ ಒಂದೇ ಥರ. ಅವರಿಬ್ಬರೂ ಅಕ್ಕತಂಗಿಯರು.) ಆ ಟೀಮಿನ ಕ್ಯಾಪ್ಟನ್ ಭಾರ್ಗವಿ. ಹತ್ತಿರ ಹತ್ತಿರ ಆರಡಿ. ಅವಳು ಕೈ ಎತ್ತಿದರೆ ನಮ್ಮ ಮನೆಯ ಫ್ಯಾನು ಒರೆಸಬಹುದು, ಸ್ಟೂಲು ಬೇಡ.

ಪಿಯುಸಿಯಿಂದ ಹಿಡಿದು ಮೂರು ವರ್ಷ ಸತತವಾಗಿ ಜಿಲ್ಲಾ ಫೈನಲ್ಲಿನಲ್ಲಿ ಪಲ್ಲವಿಯ ಟೀಮು ಮಾಲೂರಿಗೆ ಸೋತಿತ್ತು. ಮೂರು ಸಲವೂ ಭಾರ್ಗವಿಯ ಕೈಗೇ ಕಪ್ಪು. ಆ ಕಪ್ಪು ಹಿಡಿದು ನಿಂತ ಮಾಲೂರು ಟೀಮಿನ ಫೋಟೋ ಎಲ್ಲಿದೆ ಗೊತ್ತೇ? ಪಲ್ಲವಿಯ ಮೊಬೈಲಿನಲ್ಲಿ. ವಾಲ್‌ಪೇಪರ್!

"ಇದೇನೇ ಇದು, ಸೋಲ್ಸಿದೋರ ಫೋಟೋ ಇಟ್ಕೊಂಡಿದೀಯ?" ಅಂತ ಕೇಳಿದ್ದೆ.

"ದಿನಕ್ಕೆ ನೂರು ಸಲ ಫೋನ್ ನೋಡ್ತೀನಿ ದೊಡ್ಡಮ್ಮ. ನೂರು ಸಲ ಉರೀಲಿ ಅಂತ."

ಇಷ್ಟೇ ಆಗಿದ್ದರೆ ಸರಿ. ಮೊದಲ ಸಲ ಸೋತ ದಿನ ಮನೆಗೆ ಬಂದವಳು, ಮಾಲೂರನ್ನು ಸೋಲಿಸುವವರೆಗೆ ಮಾವಿನಹಣ್ಣು ತಿನ್ನುವುದಿಲ್ಲ ಅಂದಳು. ಮಾವಿಗೇ ಹೆಸರಾದ ಶ್ರೀನಿವಾಸಪುರದಲ್ಲಿ! ನಡುಮನೆಯಲ್ಲಿ, ಮಂಚದ ಕೆಳಗೆ, ದೇವರ ಕೋಣೆಯ ಮೂಲೆಯಲ್ಲಿ ಹಣ್ಣಿಟ್ಟುಕೊಂಡು ಬದುಕುವ ಮನೆಯಲ್ಲಿ! ಎರಡು ದಿನದ ಆಟ ಅಂದುಕೊಂಡೆವು. ಮೂರು ಸೀಸನ್ ಕಳೆಯಿತು. ಹುಡುಗಿ ಒಂದು ಹೋಳು ಮುಟ್ಟಲಿಲ್ಲ.

"ಕಾಶಿಗೆ ಹೋದೋರು ಇಷ್ಟದ ಹಣ್ಣು ಬಿಟ್ಟು ಬರ್ತಾರಂತೆ. ನನ್ನ ಮಗಳು ಮಾಲೂರಿಗೋಸ್ಕರ ಬಿಟ್ಟಿದಾಳೆ ನೋಡಕ್ಕ," ಅಂತ ಸರೋಜ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಈ ಸಲ ಮತ್ತೆ ಫೈನಲ್. ಮತ್ತೆ ಮಾಲೂರು. ಕಾಲೇಜು ಮುಗಿಯುತ್ತಿದೆ, ಪಲ್ಲವಿಗೆ ಇದೇ ಕೊನೇ ಚಾನ್ಸು. ಮ್ಯಾಚಿಗೆ ಮುಂಚಿನ ಬುಧವಾರ ಏನಾಗಬೇಕು? ತೋಟದಲ್ಲಿ ಅಪ್ಪ ಎಸೆದ ಕಾಯಿ ಹಿಡಿಯಲು ಹಿಂದೆ ಹಿಂದೆ ಹೋದವಳು ಒಣ ಎಲೆಯ ಮೇಲೆ ಜಾರಿ ಎಡಗೈ ಊರಿ ಬಿದ್ದಳು. ಮಣಿಕಟ್ಟು ಉಳುಕಿತು. (ಕಾಯಿ ಮಾತ್ರ ಬಲಗೈಯಲ್ಲೇ ಇತ್ತು ಅಂತ ಅವಳಪ್ಪ ಈಗಲೂ ಹೆಮ್ಮೆಯಿಂದ ಹೇಳುತ್ತಾನೆ.)

ಪಟ್ಟಿ ಕಟ್ಟಿಸಿಕೊಳ್ಳಲು ಒಪ್ಪಲಿಲ್ಲ. ಪಟ್ಟಿ ಕಂಡರೆ ಭಾರ್ಗವಿಗೆ ಗೊತ್ತಾಗುತ್ತದೆ, ಗೊತ್ತಾದರೆ ಬಲಗಡೆ ದಾರಿ ಕಟ್ಟಿ ಎಡಗಡೆಗೇ ತಳ್ಳುತ್ತಾಳೆ, ಎಡಗೈಯಲ್ಲಿ ಚೆಂಡು ತಟ್ಟಲಾಗದೆ ತಾನು ಮುಗಿದ ಹಾಗೆಯೇ, ಇದು ಅವಳ ಲೆಕ್ಕಾಚಾರ. ಕೋಚಿಗೂ ಹೇಳಲಿಲ್ಲ. ವಿಷಯ ಗೊತ್ತಿದ್ದದ್ದು ಅಪ್ಪನಿಗೆ, ಅಮ್ಮನಿಗೆ. ಮತ್ತೆ ದುರದೃಷ್ಟವಶಾತ್ ನನಗೆ.

ಈಗ ನಮ್ಮ ಜಿಲ್ಲೆಯವರ ಒಂದು ಚಾಳಿಯ ಬಗ್ಗೆ ಹೇಳಬೇಕು. ನಾವು ಕನ್ನಡದಲ್ಲಿ ಮಾತಾಡುತ್ತಾ ಇರುತ್ತೇವೆ. ಗುಟ್ಟಿನ ಮಾತು ಬಂತೋ, ದನಿ ತಗ್ಗಿಸಿ ತೆಲುಗಿಗೆ ಹೊರಳಿಬಿಡುತ್ತೇವೆ. ಸೀರೆ ಅಂಗಡಿಯಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲಿ, ಡಾಕ್ಟರ ಎದುರು. ಅಂಗಡಿಯವನಿಗೂ ತೆಲುಗು ಬರುತ್ತದೆ, ಹೆಣ್ಣಿನ ಮನೆಯವರಿಗೂ ಬರುತ್ತದೆ, ಡಾಕ್ಟರಿಗಂತೂ ಬಂದೇ ಬರುತ್ತದೆ. ಆದರೂ ಬಿಡುವುದಿಲ್ಲ. ಇಡೀ ಜಿಲ್ಲೆಗೆ ಗೊತ್ತಿರುವ ಭಾಷೆಯಲ್ಲಿ ಗುಟ್ಟು ಹೇಳಿಕೊಳ್ಳುವ ಜನ ಬೇರೆ ಎಲ್ಲಾದರೂ ಇದ್ದಾರಾ?

ಮ್ಯಾಚು ಶುರುವಾಯಿತು. ನನ್ನ ಎಡಕ್ಕೆ ಸರೋಜ. ಬಲಕ್ಕೆ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಒಬ್ಬ ಹೆಂಗಸು. ಮಾಲೂರಿನ ಕಡೆಯವರು ಅಂತ ಅವರು ಚಪ್ಪಾಳೆ ತಟ್ಟುವಾಗಲೇ ಗೊತ್ತಾಯಿತು. ಫೋನಿನಲ್ಲಿ ಯಾರ ಜೊತೆಗೋ ಅಚ್ಚ ಬೆಂಗಳೂರು ಕನ್ನಡದಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ ಮಾತಾಡಿದರು. ಇವರಿಗೆಲ್ಲಿಯ ತೆಲುಗು ಅಂತ ನನ್ನ ಬುದ್ಧಿವಂತ ತಲೆ ತೀರ್ಮಾನಿಸಿತು.

ಪಲ್ಲವಿ ಹಲ್ಲು ಕಚ್ಚಿಕೊಂಡು ಆಡುತ್ತಿದ್ದಳು. ಅನುಮಾನ ಬರಬಾರದು ಅಂತ ಎರಡು ಸಲ ಎಡಗೈಯಲ್ಲೂ ಚೆಂಡು ತಟ್ಟಿದಳು. ಅವಳ ಮುಖ ಹಿಂಡಿಕೊಂಡದ್ದು ನನಗೆ ಕಂಡಿತು. ಅಷ್ಟೇ, ಬಾಯಿ ತಡೆಯಲಿಲ್ಲ. ಸರೋಜಳ ಕಡೆ ಬಾಗಿ, "ದಾನಿಕಿ ಎಡಮ ಚೆಯ್ಯಿ ಬೆಣಿಕಿಂದಿ ಕದಾ" ಅಂತ ಶುರು ಮಾಡಿದವಳು, ಎಡಗೈ ಉಳುಕಿದೆ, ಆ ಉದ್ದನೆಯ ಒಂಟೆಗೆ ಗೊತ್ತಾದರೆ ಎಡಗಡೆಗೆ ತಳ್ಳಿ ಮುಗಿಸಿಬಿಡ್ತಾಳೆ, ದೇವರು ದೊಡ್ಡವನು ಗೊತ್ತಾಗಿಲ್ಲ ಅಂತ ಇಡೀ ರಾಮಾಯಣವನ್ನು ತೆಲುಗಿನಲ್ಲಿ ಒಪ್ಪಿಸಿದೆ.

ಹಾಫ್ ಟೈಮ್ ಸೀಟಿ ಊದಿದರು. ಮಾಲೂರು ಐದು ಪಾಯಿಂಟ್ ಮುಂದೆ. ಪಕ್ಕದ ಹೆಂಗಸು ನೀರಿನ ಬಾಟಲಿ ಕೈಗೆತ್ತಿಕೊಂಡು ಎದ್ದರು. ಕೂಲಿಂಗ್ ಗ್ಲಾಸ್ ತೆಗೆದರು. ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದರು.

"ಮೀದಿ ಏ ಊರು ಅಕ್ಕಾ?"

ನಿಮ್ಮದು ಯಾವೂರು ಅಂತ. ತೆಲುಗಿನಲ್ಲಿ!

ಬಾಯಲ್ಲಿದ್ದ ಕಡಲೆಕಾಯಿ ಅಲ್ಲೇ ನಿಂತಿತು. "ಯ... ಯಲ್ದೂರು" ಅಂದೆ.

"ಹೌದಾ? ನನ್ನ ತವರು ಮುಳಬಾಗಿಲು ಹತ್ರ ಬೈರಕೂರು," ಅಂತ ಈಗ ಕನ್ನಡದಲ್ಲಿ ಹೇಳಿ ನಕ್ಕರು. "ಆ ಉದ್ದನೆ ಒಂಟೆ ನನ್ನ ಮಗಳೇ."

ಹೇಳಿದವರೇ ಸೀದಾ ಮೆಟ್ಟಿಲಿಳಿದು ಮಾಲೂರಿನ ಬೆಂಚಿನ ಹತ್ತಿರ ಹೋದರು. ಭಾರ್ಗವಿಗೆ ಬಾಟಲಿ ಕೊಟ್ಟರು. ಅವಳ ಕಿವಿಯಲ್ಲಿ ಏನೋ ಹೇಳಿದರು. ಭಾರ್ಗವಿ ತಲೆ ಎತ್ತಿ ಪಲ್ಲವಿಯ ಕಡೆ ನೋಡಿದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೂರು ವರ್ಷ ಹಣ್ಣು ಬಿಟ್ಟು ಕೂತ ಮಗುವಿನ ಕೊನೇ ಮ್ಯಾಚನ್ನು ನಾನು ಕಡಲೆಕಾಯಿ ತಿನ್ನುತ್ತಾ ತಿಂದುಹಾಕಿದ್ದೆ. ಸರೋಜ ನನ್ನ ಕಡೆ ನೋಡಲೂ ಇಲ್ಲ. "ನಿನ್ನ ಬಾಯಿಗೆ ಬೀಗ ಜಡಿಯಾ," ಅಂದಳು, ಅಷ್ಟೇ. ಅಕ್ಕ ಅಂತಲೂ ಸೇರಿಸಲಿಲ್ಲ.

ಎರಡನೇ ಅರ್ಧ ಶುರುವಾಯಿತು. ನಾನು ಕಾಯುತ್ತಿದ್ದೆ. ಈಗ ಎಡಗಡೆಗೆ ತಳ್ಳುತ್ತಾಳೆ, ಈಗ ತಳ್ಳುತ್ತಾಳೆ. ಭಾರ್ಗವಿ ತಳ್ಳಲಿಲ್ಲ. ಎಂದಿನಂತೆ ಎದುರಿಗೆ ನಿಂತು, ಉದ್ದನೆಯ ಕೈ ಚಾಚಿ, ಬೆವರು ಸುರಿಸಿಕೊಂಡು ಆಡಿದಳು. ಒಂದು ಸಲ ಪಲ್ಲವಿಯ ಕೈಯಿಂದ ಚೆಂಡು ಕಿತ್ತುಕೊಂಡಳು. ಇನ್ನೊಂದು ಸಲ ಪಲ್ಲವಿ ಎಸೆದ ಚೆಂಡನ್ನು ಗಾಳಿಯಲ್ಲೇ ಬಡಿದು ಕಳಿಸಿದಳು. ಆದರೆ ಎಡಗಡೆಯ ತಂಟೆಗೆ ಹೋಗಲಿಲ್ಲ. ಪಾಪ, ಆ ತಾಯಿ ಹೇಳಿಲ್ಲ, ನೀರು ಕೊಟ್ಟು ಬಂದಿದ್ದಾರೆ ಅಂತ ನಿಟ್ಟುಸಿರು ಬಿಟ್ಟೆ.

ಕೊನೆಯ ಹತ್ತು ಸೆಕೆಂಡು. ನಾವು ಒಂದು ಪಾಯಿಂಟ್ ಹಿಂದೆ. ಚೆಂಡು ಪಲ್ಲವಿಯ ಬಲಗೈಯಲ್ಲಿ. ಎದುರಿಗೆ ಭಾರ್ಗವಿ. ಪಲ್ಲವಿ ಬಲಕ್ಕೆ ನುಗ್ಗಿದಳು, ಗಕ್ಕನೆ ನಿಂತಳು, ಹಾರಿ ಎಸೆದಳು. ಭಾರ್ಗವಿಯ ಬೆರಳ ತುದಿಯ ಮೇಲಿಂದ ಹೋದ ಚೆಂಡು ರಿಂಗಿನ ಮೇಲೆ ಒಂದು ಸುತ್ತು ಸುತ್ತಿ ಒಳಗೆ ಬಿತ್ತು.

ಗೆದ್ದೆವು! ಸರೋಜ ನನ್ನನ್ನು ತಬ್ಬಿಕೊಂಡಳು. ಬೀಗದ ವಿಷಯ ಮರೆತಿದ್ದಳು.

ಆಗ ಬೈರಕೂರಿನ ಆ ತಾಯಿ ಬಂದರು. ನಾನು ಕೈ ಮುಗಿದು, "ನೀವು ಮಗಳಿಗೆ ಹೇಳ್ಲಿಲ್ಲ, ದೊಡ್ಡ ಮನಸ್ಸು ನಿಮ್ದು," ಅಂದೆ.

"ಅಯ್ಯೋ, ಸುಳ್ಳು ಯಾಕೆ ಹೇಳ್ಲಿ ಅಕ್ಕ? ಹೇಳ್ದೆ. ತಾಯಿ ಹೊಟ್ಟೆ ಅಲ್ವಾ, ಮಗಳು ಗೆಲ್ಲಲಿ ಅನ್ಸತ್ತೆ," ಅಂದರು. "ನನ್ನೇ ಬೈದ್ಲು. ಅಮ್ಮಾ, ಅವಳಿಗೆ ಎರಡು ಕೈ ಇರೋವಾಗ್ಲೇ ಮೂರು ಸಲ ಸೋಲ್ಸಿದೀನಿ, ಇದೆಲ್ಲ ನಂಗೆ ಬೇಡ, ಹೋಗು ಅಂದ್ಲು."

ಅವರ ಕಣ್ಣು ತುಂಬಿತ್ತು. ಉಳಿದಿದ್ದ ಕಡಲೆಕಾಯಿಯನ್ನೆಲ್ಲ ಅವರ ಕೈಗೆ ಸುರಿದೆ. (ಹೌದು, ನಾನೇ.)

ಹೊರಗೆ ಹುಣಸೆ ಮರದ ಕೆಳಗೆ ನಿಲ್ಲಿಸಿದ್ದ ಕಾರಿನ ಹತ್ತಿರ ಪಲ್ಲವಿ ಕಪ್ಪು ಹಿಡಿದುಕೊಂಡು ಬಂದಳು. ಸರೋಜ ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದಳು. ಬೆಳಿಗ್ಗೆಯೇ ಮಗಳಿಗೆ ಗೊತ್ತಾಗದ ಹಾಗೆ ಬಾದಾಮಿ ಮಾವು ಹೆಚ್ಚಿ ತಂದಿದ್ದಳು. ಮುಚ್ಚಳ ತೆಗೆದದ್ದೇ ಸುತ್ತೆಲ್ಲ ಘಮ್ ಅಂದಿತು. ಪಲ್ಲವಿ ಒಂದು ಹೋಳು ಕೈಗೆತ್ತಿಕೊಂಡಳು. ಮೂರು ವರ್ಷದ ಮೇಲೆ.

ಆಗ ನನ್ನ ತಂಗಿ ಏನು ಮಾಡಬೇಕು? ನನ್ನ ಕಡೆ ಬಾಗಿ, ದನಿ ತಗ್ಗಿಸಿ, "ದಾನಿಕಿ ಚೆಪ್ಪೊದ್ದಕ್ಕಾ" ಅಂದಳು. ಅವಳಿಗೆ ಹೇಳಬೇಡ ಅಂತ. ಅದೇ ತೆಲುಗಿನಲ್ಲಿ. ಅದೇ ತೆಲುಗು ಕೇಳಿಕೊಂಡು ತೊಟ್ಟಿಲಲ್ಲಿ ಮಲಗಿದ್ದ ಮಗಳ ಎದುರಿಗೆ!

ಹೋಳು ಬಾಯಿಯ ಹತ್ತಿರ ಹೋಗಿ ನಿಂತಿತು.

"ಏನು ಹೇಳ್ಬಾರ್ದು?"

ನಾನು ಮರದ ಕಡೆ ನೋಡಿದೆ. ಸರೋಜ ಡಬ್ಬಿಯ ಕಡೆ ನೋಡಿದಳು. "ದೊಡ್ಡಮ್ಮ, ನೀನೇ ಹೇಳು," ಅಂದಳು ಪಲ್ಲವಿ. ಹೇಳಿದೆ. ಇನ್ನೇನು ಮಾಡಲಿ? ಕಡಲೆಕಾಯಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹೋಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ಕಪ್ಪನ್ನು ನನ್ನ ಕೈಗೆ ಕೊಟ್ಟು, ಮಾಲೂರಿನವರ ಗಾಡಿಯ ಕಡೆ ದಾಪುಗಾಲು ಹಾಕಿದಳು. ನಾವಿಬ್ಬರೂ ಹಿಂದೆ ಓಡಿದೆವು. ಭಾರ್ಗವಿ ಗಾಡಿಯ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಅತ್ತಿದ್ದಳು ಅಂತ ಕಾಣುತ್ತಿತ್ತು.

"ನನ್ನ ಕೈ ವಿಷ್ಯ ನಿಂಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಎಡಗಡೆಗೆ ತಳ್ಳಲಿಲ್ಲ? ಅಯ್ಯೋ ಪಾಪ ಅಂತಾನಾ?"

"ಪಾಪ ಯಾರಿಗೆ, ನಿಂಗಾ?" ಭಾರ್ಗವಿ ಮೂಗೊರೆಸಿಕೊಂಡಳು. "ತಳ್ಳಿದ್ರೆ ನೀನು ಸೋಲ್ತಿದ್ದೆ. ಆಮೇಲೆ ಸಾಯೋವರ್ಗೂ ಕೈ ಉಳುಕಿತ್ತು, ಅದಕ್ಕೇ ಸೋತೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ನಂಗದು ಬೇಡ."

"ನಾನು ಹಂಗೆಲ್ಲ ಹೇಳೋಳಲ್ಲ."

"ಹೇಳ್ತಿದ್ದೆ ಕಣೇ."

(ಹೇಳುತ್ತಿದ್ದಳು. ನನಗೆ ಗೊತ್ತು.)

ಪಲ್ಲವಿ ಉಳುಕಿದ ಕೈಯನ್ನೊಮ್ಮೆ ನೋಡಿಕೊಂಡಳು. "ಕೈ ವಾಸಿ ಆಗ್ಲಿ. ಮಾಲೂರಿಗೇ ಬರ್ತೀನಿ. ನಿಮ್ಮ ಕೋರ್ಟು, ನೀನೂ ನಾನೂ ಇಬ್ರೇ. ಕಪ್ಪು ಗಿಪ್ಪು ಏನೂ ಬೇಡ."

"ಬಾ," ಅಂದಳು ಭಾರ್ಗವಿ. "ಎರಡೂ ಕೈ ತಗೊಂಡು ಬಾ."

ಕಾರಿನಲ್ಲಿ ಸರೋಜ ಅತ್ತೇಬಿಟ್ಟಳು. "ಗೆದ್ದಿದೀಯಲ್ಲೇ, ಕಪ್ಪಿದೆಯಲ್ಲೇ, ಒಂದು ಹೋಳು ತಿನ್ನೇ!"

"ಇದು ಟೀಮು ಗೆದ್ದಿದ್ದು. ನಾನಿನ್ನೂ ಗೆದ್ದಿಲ್ಲ," ಅಂದಳು ಮಗಳು. "ಅಳ್ಬೇಡಮ್ಮ, ಬಾದಾಮಿ ಸೀಸನ್ ಹೋದ್ರೆ ನೀಲಂ ಮಾವು ಬರತ್ತೆ."

ಡಬ್ಬಿಯಲ್ಲಿದ್ದದ್ದನ್ನು ನಾನೂ ಸರೋಜಳೂ ಖಾಲಿ ಮಾಡಿದೆವು. ಹಣ್ಣಿನದೇನು ತಪ್ಪು?

ತಿನ್ನುತ್ತಾ ನನಗೊಂದು ಹಳೆಯ ವಿಷಯ ನೆನಪಾಯಿತು. ವರ್ಷಗಳ ಹಿಂದೆ ಬ್ಯಾಂಕಿನಲ್ಲಿ ಪ್ರಮೋಷನ್ ಪರೀಕ್ಷೆ. ನನಗಿಂತ ಚೆನ್ನಾಗಿ ಓದಿದ್ದ ಸಹೋದ್ಯೋಗಿಗೆ ಹಿಂದಿನ ದಿನ ಜ್ವರ ಬಂತು. ಅಯ್ಯೋ ಪಾಪ ಅಂತ ಬಾಯಲ್ಲಿ ಅಂದೆ. ಮನಸ್ಸಿನಲ್ಲಿ ಏನಂದುಕೊಂಡೆ ಅನ್ನುವುದನ್ನು ಇಲ್ಲಿ ಬರೆಯಲಾರೆ. ನನಗೆ ಪ್ರಮೋಷನ್ ಸಿಕ್ಕಿತು, ಪೇಡ ಹಂಚಿದೆ, ನಾನೂ ನಾಲ್ಕು ತಿಂದೆ. ಡಬ್ಬಿಯ ಮುಚ್ಚಳ ಹಾಕಬೇಕು ಅಂತ ಅವತ್ತು ನನಗೆ ಹೊಳೆಯಲೇ ಇಲ್ಲ. ನಾವೆಲ್ಲ ಹಾಗೇ ಅಲ್ಲವೇ? ಪಕ್ಕದ ಮನೆಯ ಹುಡುಗನಿಗೆ ಮ್ಯಾಥ್ಸಿನಲ್ಲಿ ಎಷ್ಟು ಕಮ್ಮಿ ಬಂತು ಅಂತ ತಿಳಿದುಕೊಂಡ ಮೇಲೇ ನಮ್ಮ ಮಗನ ಮಾರ್ಕ್ಸ್ ಕಾರ್ಡಿಗೆ ಸಮಾಧಾನದಿಂದ ಸೈನ್ ಹಾಕುತ್ತೇವೆ.

ಪಲ್ಲವಿಯ ಕೈಗೆ ಈಗ ಪಟ್ಟಿ ಬಿದ್ದಿದೆ. ಇನ್ನು ಬಚ್ಚಿಡುವುದು ಯಾರಿಂದ? ವಾಲ್‌ಪೇಪರ್ ಬದಲಾಗಿಲ್ಲ, ಕಪ್ಪು ಬೀರುವಿನ ಮೇಲಿದೆ. ಮಾಲೂರಿಗೆ ನನ್ನನ್ನೂ ಕರೆದಿದ್ದಾಳೆ, ಬಾಯಿ ಮುಚ್ಚಿಕೊಂಡು ಕೂರಬೇಕು ಅನ್ನುವ ಷರತ್ತಿನ ಮೇಲೆ. ಎಲ್ಲಾ ಭಾಷೆಯಲ್ಲೂ.

ಮೊನ್ನೆ ಅವಳ ಫೋನು ಟಿಂಗ್ ಅಂತು. ಇಣುಕಿದೆ. (ಇಣುಕಬಾರದು, ಗೊತ್ತು.) ಭಾರ್ಗವಿಯ ಮೆಸೇಜು. ದಿನಾ ಬೆಳಿಗ್ಗೆ ಒಂದು ಬರುತ್ತದಂತೆ. ಹಲೋ ಇಲ್ಲ, ಗುಡ್ ಮಾರ್ನಿಂಗ್ ಇಲ್ಲ. ಎರಡೇ ಪದ.

"ಕೈ ಹೇಗಿದೆ?"

ನಿಮ್ಮ ಕೈ ವಾಸಿಯಾಗಲಿ ಅಂತ ದಿನಾ ಕಾಯುವ ಒಬ್ಬ ಎದುರಾಳಿ ನಿಮಗಿದ್ದಾರಾ?